ತಟ್ಟೆ ಒಂದು ಕಡೆ, ಪಾಠ ಒಂದು ಕಡೆ

ಈ ಸಲದ ಮಾತು ಶಾಲೆಯ ಊಟದ ಬಗ್ಗೆ. ಆಂಟಿಯ ಉಪದೇಶ ಶುರುವಾಯಿತು ಎಂದು ಈಗಲೇ ಪುಟ ಮಡಚಬೇಡಿ. ತರಕಾರಿ ತಿನ್ನಿ, ಸಕ್ಕರೆ ಬಿಡಿ ಎಂದು ಹೇಳಲು ನಿಮ್ಮ ಅಮ್ಮಂದಿರಿದ್ದಾರೆ. ನಾನು ಹೇಳುವುದು ಚರಿತ್ರೆ.

ವಾರಕ್ಕೊಂದು ಬೆಳಗ್ಗೆ ನಾನು ನಮ್ಮ ಗ್ರೀನ್‌ಫರ್ಡ್‌ನ ಒಂದು ಪ್ರೈಮರಿ ಶಾಲೆಗೆ ಸಹಾಯಕ್ಕೆ ಹೋಗುತ್ತೇನೆ. ಹೋದ ಚಳಿಗಾಲ ಇಯರ್ ಟೂ ಮಕ್ಕಳಿಗೆ ಆಹಾರದ ಪಾಠ ನಡೆಯುತ್ತಿತ್ತು. ಗೋಡೆಯ ಮೇಲೆ ಈಟ್‌ವೆಲ್ ಗೈಡ್ ಇತ್ತು. ನೀವೂ ಇಲ್ಲೇ ಓದಿದವರು, ನೋಡಿರುತ್ತೀರಿ: ದುಂಡು ತಟ್ಟೆಯನ್ನು ಬಣ್ಣದ ಹೋಳುಗಳಾಗಿ ಕತ್ತರಿಸಿದ ಆ ಚಿತ್ರ. ನಿನ್ನೆ ರಾತ್ರಿ ಏನು ಊಟ ಮಾಡಿದಿರೋ ಅದರ ಚಿತ್ರ ಬರೆಯಿರಿ ಎಂದರು ಟೀಚರ್. ನಮ್ಮ ಕನ್ನಡದ ಮನೆಯ ಹುಡುಗನೊಬ್ಬ ಪಿಜ್ಜಾ ಬರೆದ. ಅವನ ಅಜ್ಜಿ ಊರಿನಿಂದ ಬಂದಿದ್ದರು. ಹಿಂದಿನ ರಾತ್ರಿ ಅವರ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ನನಗೆ ಹೇಗೆ ಗೊತ್ತು ಅಂದರೆ, ಎರಡು ಮುದ್ದೆ ಡಬ್ಬಿಯಲ್ಲಿ ನಮ್ಮ ಮನೆಗೂ ಬಂದಿದ್ದವು.

ನಾನೇನೂ ಹೇಳಲಿಲ್ಲ. ಟೀಚರದ್ದೂ ತಪ್ಪಿಲ್ಲ, ಆ ಚಿತ್ರದಲ್ಲಿ ಅಕ್ಕಿ ಇದೆ, ಬೇಳೆ ಇದೆ, ಯಾರನ್ನೂ ಹೊರಗಿಡಬೇಕೆಂದು ಅದನ್ನು ಮಾಡಿಲ್ಲ. ಆದರೆ ಮನೆಗೆ ನಡೆದು ಬರುವಾಗ ಒಂದು ಪ್ರಶ್ನೆ ಹಿಡಿದುಕೊಂಡಿತು. ಏನು ತಿನ್ನಬೇಕು ಎಂದು ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವುದು ಯಾವಾಗ ಶುರುವಾಯಿತು? ಯಾರಿಗೆ, ಯಾಕೆ ಬೇಕಾಯಿತು? ಹುಡುಕುತ್ತ ಹೋದರೆ ಅರ್ಧ ಕತೆ ನಮ್ಮ ಈ ಊರಿನಲ್ಲೇ ಇತ್ತು, ಇನ್ನರ್ಧ ನಿಮ್ಮ ಅಪ್ಪ ಅಮ್ಮಂದಿರ ಊರಿನಲ್ಲಿ.

ಮೊದಲು ಈ ಊರು. ಗ್ರೀನ್‌ಫರ್ಡ್ ಎಂದರೆ ನಿಮಗೆ ಸೆಂಟ್ರಲ್ ಲೈನ್, ಬ್ರಾಡ್‌ವೇ ಅಂಗಡಿಗಳು, ಎ40 ಟ್ರಾಫಿಕ್. ಹೆಸರಿನ ಅರ್ಥ ಹಸಿರು ದಡದಲ್ಲಿ ಹೊಳೆ ದಾಟುವ ಜಾಗ. ಹೊಳೆ ಎಂದರೆ ನಮ್ಮ ಬ್ರೆಂಟ್. ಪಕ್ಕದ ಪೆರಿವೇಲ್ ನೆಲ ಒಂದು ಕಾಲಕ್ಕೆ ಗೋಧಿಗೆ ಹೆಸರಾಗಿತ್ತು. 1593ರಲ್ಲಿ ಮಿಡಲ್‌ಸೆಕ್ಸ್ ಸೀಮೆಯ ವಿವರ ಬರೆದ ಜಾನ್ ನಾರ್ಡನ್ ಆ ಗೋಧಿಯನ್ನು ಹೊಗಳಿದ್ದಾನೆ. ಆಮೇಲೆ ಲಂಡನ್ ಬೆಳೆಯಿತು, ಲಂಡನ್ನಿನ ಕುದುರೆಗಳೂ ಹೆಚ್ಚಿದವು. ಕುದುರೆಗೆ ಹುಲ್ಲು ಬೇಕು. ಗೋಧಿಗಿಂತ ಹುಲ್ಲಿನಲ್ಲಿ ಕಾಸು ಹೆಚ್ಚು ಎಂದು ಕಂಡದ್ದೇ ಹೊಲಗಳು ಹುಲ್ಲುಗಾವಲಾದವು. ಹತ್ತೊಂಬತ್ತನೇ ಶತಮಾನದ ಗ್ರೀನ್‌ಫರ್ಡ್ ಎಂದರೆ ಒಣಹುಲ್ಲಿನ ಬಂಡಿಗಳು. ತಿನ್ನುವ ಧಾನ್ಯ ಬಿಟ್ಟು ಮಾರುವ ಬೆಳೆಗೆ ಹೋಗುವುದು ನಮ್ಮ ಕಡೆ ಮಾತ್ರ ನಡೆದದ್ದು ಅಂದುಕೊಂಡಿದ್ದರೆ, ಇಲ್ಲ.

1801ರಲ್ಲಿ ಕಾಲುವೆ ಬಂತು. ಇವತ್ತು ನೀವು ಜಾಗಿಂಗ್ ಮಾಡುವ, ಬಾತುಕೋಳಿಗೆ ಬ್ರೆಡ್ ಎಸೆಯುವ (ಎಸೆಯಬೇಡಿ) ಅದೇ ಗ್ರ್ಯಾಂಡ್ ಯೂನಿಯನ್ ಕಾಲುವೆ. ಕಾಲುವೆ ಇದ್ದಲ್ಲಿ ಕಾರ್ಖಾನೆ ಬರುತ್ತದೆ. 1921ರಲ್ಲಿ ಜೆ. ಲಯನ್ಸ್ ಕಂಪನಿ ಇಲ್ಲಿ ತನ್ನ ದೊಡ್ಡ ಕಾರ್ಖಾನೆ ತೆರೆಯಿತು. ಅಸ್ಸಾಮಿನ, ಸಿಲೋನಿನ ಚಹಾ ಹಡಗಿನಿಂದ ಲಂಡನ್ ಬಂದರಿನಲ್ಲಿ ಇಳಿದು, ದೋಣಿಯಲ್ಲಿ ಕಾಲುವೆ ಹಿಡಿದು ಗ್ರೀನ್‌ಫರ್ಡ್‌ಗೆ ಬಂದು, ಇಲ್ಲಿ ಪೊಟ್ಟಣವಾಗಿ ಬ್ರಿಟನ್ನಿನ ಮನೆಮನೆಗೂ ಹೋಗುತ್ತಿತ್ತು. ಮುಂದೆ ಲಯನ್ಸ್ ಮೇಯ್ಡ್ ಐಸ್‌ಕ್ರೀಮ್ ಕೂಡ ಇದೇ ಊರಿನಿಂದ ಹೊರಟಿತು.

ಇನ್ನೊಂದು ಕಾರ್ಖಾನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಗ್ಲಾಕ್ಸೋ ಎಂಬ ಹೆಸರು ನಿಮಗೆ ಔಷಧಿಯಿಂದ ಗೊತ್ತು. ಮೊದಲು ಅದು ಔಷಧಿಯಲ್ಲ, ಹಾಲಿನ ಪುಡಿ. ನ್ಯೂಜಿಲೆಂಡಿನಲ್ಲಿ ಜೋಸೆಫ್ ನೇಥನ್ ಕಂಪನಿ ಹಾಲನ್ನು ಒಣಗಿಸಿ ಪುಡಿ ಮಾಡಿ, 1906ರಲ್ಲಿ ಅದಕ್ಕೆ ಗ್ಲಾಕ್ಸೋ ಎಂದು ಹೆಸರಿಟ್ಟಿತು. ಪುಡಿಯ ಜೊತೆಗೆ ಕೂಸುಗಳ ಆರೈಕೆಯ ಪುಸ್ತಕವನ್ನೂ ತಾಯಂದಿರಿಗೆ ಹಂಚಿತು. ಅಂದರೆ ಏನು ತಿನ್ನಿಸಬೇಕು ಎಂಬ ಪಾಠವನ್ನು ಸರ್ಕಾರಕ್ಕಿಂತ ಮೊದಲೇ ಮನೆಬಾಗಿಲಿಗೆ ತಂದವರಲ್ಲಿ ಮಾರುವವರೂ ಇದ್ದರು. ಇದನ್ನು ಮರೆಯಬೇಡಿ, ಯೂಟ್ಯೂಬ್ ನೋಡುವಾಗ ಕೆಲಸಕ್ಕೆ ಬರುತ್ತದೆ. 1935ರಲ್ಲಿ ಗ್ಲಾಕ್ಸೋ ಗ್ರೀನ್‌ಫರ್ಡ್‌ಗೆ ಬಂತು. 1948ರಲ್ಲಿ ಇಲ್ಲಿಯ ಪ್ರಯೋಗಾಲಯದಲ್ಲಿ ಲೆಸ್ಟರ್ ಸ್ಮಿತ್ ಎಂಬ ವಿಜ್ಞಾನಿ ಟನ್‌ಗಟ್ಟಲೆ ಲಿವರ್ ಅರೆದು ಸೋಸಿ, ಕೊನೆಗೆ ಚಿಟಿಕೆಯಷ್ಟು ಕೆಂಪು ಹರಳು ಬೇರ್ಪಡಿಸಿದರು. ಅದೇ ವರ್ಷ ಅಮೆರಿಕದಲ್ಲೂ ಇನ್ನೊಂದು ತಂಡಕ್ಕೆ ಅದು ಸಿಕ್ಕಿತು. ಆ ಹರಳು ವಿಟಮಿನ್ ಬಿ12. ನಿಮ್ಮ ಮನೆ ಸಸ್ಯಾಹಾರಿ ಮನೆಯಾಗಿದ್ದರೆ ಫ್ರಿಜ್ ಮೇಲೋ ಕಿಟಕಿಯ ಪಕ್ಕವೋ ಬಿ12 ಮಾತ್ರೆಯ ಡಬ್ಬಿ ಇದ್ದೇ ಇರುತ್ತದೆ. ಆ ಡಬ್ಬಿಯ ಅಜ್ಜನ ಮನೆ ಗ್ರೀನ್‌ಫರ್ಡ್. ಆ ಜಾಗದ ಒಂದು ಭಾಗದಲ್ಲಿ ಈಗ ಗ್ರೀನ್‌ಫರ್ಡ್ ಕೀ ಫ್ಲ್ಯಾಟುಗಳು ಎದ್ದಿವೆ.

ಇನ್ನು ಶಾಲೆ. ಇಲ್ಲಿಯ ಚರ್ಚಿನ ಪಾದ್ರಿ ಎಡ್ವರ್ಡ್ ಬೆಥಮ್ 1780ರಲ್ಲೇ ಊರಿನ ಬಡ ಮಕ್ಕಳಿಗೆ ಶಾಲೆ ಮಾಡಿದ್ದರು. ಅವರ ಹೆಸರಿನ ಪ್ರೈಮರಿ ಶಾಲೆ ಇವತ್ತಿಗೂ ಇದೆ. ಆದರೆ ಎಲ್ಲ ಮಕ್ಕಳೂ ಶಾಲೆಗೆ ಬರಲೇಬೇಕು ಎಂಬ ಕಾನೂನು ಆದದ್ದು 1880ರಲ್ಲಿ. ಎಲ್ಲರೂ ಬಂದಾಗ ತಾನೇ ಗೊತ್ತಾಗುವುದು, ಎಷ್ಟು ಜನ ಬರಿಹೊಟ್ಟೆಯಲ್ಲಿ ಕೂತಿದ್ದಾರೆ ಎಂದು. ಟೀಚರುಗಳಿಗೆ ಕಂಡಿತು, ಸರ್ಕಾರಕ್ಕೆ ಕಾಣಲಿಲ್ಲ. ಸರ್ಕಾರಕ್ಕೆ ಕಂಡದ್ದು ಯುದ್ಧ ಬಂದಾಗ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯಿತು. ಸೇನೆಗೆ ಸೇರಲು ಬಂದ ಪಟ್ಟಣದ ಹುಡುಗರಲ್ಲಿ ದೊಡ್ಡ ಪಾಲು ಕುಳ್ಳು, ಬಡಕಲು, ಹಲ್ಲು ಹುಳುಕು ಎಂದು ವಾಪಸ್ ಹೋದರು. ಸಾಮ್ರಾಜ್ಯಕ್ಕೆ ಭಯವಾಯಿತು. ಸಮಿತಿ ಕೂತಿತು, 1904ರಲ್ಲಿ ವರದಿ ಬಂತು, 1906ರಲ್ಲಿ ಶಾಲೆಯಲ್ಲಿ ಊಟ ಕೊಡಬಹುದು ಎಂಬ ಕಾನೂನಾಯಿತು. ಕೊಡಬಹುದು ಎಂದು ಮಾತ್ರ, ಕೊಡಲೇಬೇಕು ಎಂದಲ್ಲ.

ಮನಸ್ಸಿದ್ದ ಊರುಗಳು ಕೊಟ್ಟವು. ಅವುಗಳಲ್ಲಿ ಮುಂದೆ ನಿಂತದ್ದು ಉತ್ತರದ ಬ್ರಾಡ್‌ಫರ್ಡ್. ಅಲ್ಲಿ ಮಾರ್ಗರೆಟ್ ಮೆಕ್‌ಮಿಲನ್, ಫ್ರೆಡ್ ಜೋವೆಟ್ ಮೊದಲಾದವರು ವರ್ಷಗಟ್ಟಲೆ ಇದಕ್ಕಾಗಿ ಜಗಳವಾಡಿದ್ದರು. 1907ರಲ್ಲಿ ಗ್ರೀನ್ ಲೇನ್ ಶಾಲೆಯಲ್ಲಿ ಸುಮಾರು 40 ಬಡ ಮಕ್ಕಳಿಗೆ ಬೆಳಗ್ಗೆ ಓಟ್ಸ್ ಗಂಜಿ, ಹಾಲು, ಮಧ್ಯಾಹ್ನ ಬಿಸಿ ಊಟ ಕೊಟ್ಟು, ವಾರವಾರ ತೂಕ ನೋಡಿದರು. ಮೇಜಿಗೆ ಬಟ್ಟೆ ಹಾಸಿದ್ದರು, ಹೂವು ಇಟ್ಟಿದ್ದರು. ಮಕ್ಕಳು ಕೆಲವೇ ದಿನಗಳಲ್ಲಿ ಕೈ ತೊಳೆದು ಬಂದು ಕೂರುವುದು ಕಲಿತರು. ತೂಕದ ಗೆರೆ ಮೇಲೇರಿತು. ನಡುವೆ ರಜೆ ಬಂದಾಗ ಅದೇ ಗೆರೆ ಕೆಳಗಿಳಿಯಿತು. ಶಾಲೆ ತೆರೆದ ಮೇಲೆ ಮತ್ತೆ ಮೇಲೆ.

ಆ ಗೆರೆಯನ್ನು ಸ್ವಲ್ಪ ಮನಸ್ಸಿನಲ್ಲಿಡಿ. 113 ವರ್ಷ ಆದಮೇಲೆ, 2020ರಲ್ಲಿ, ಮಾರ್ಕಸ್ ರ‍್ಯಾಶ್‌ಫರ್ಡ್ ಎಂಬ ಫುಟ್‌ಬಾಲ್ ಆಟಗಾರ ಸರ್ಕಾರದೊಂದಿಗೆ ವಾದಕ್ಕಿಳಿದದ್ದು ಇದೇ ವಿಷಯಕ್ಕೆ: ರಜೆಯಲ್ಲಿ ಈ ಮಕ್ಕಳು ಏನು ತಿನ್ನಬೇಕು?

ಬ್ರಾಡ್‌ಫರ್ಡ್‌ನ ಆ ಊಟದಲ್ಲಿ ನನಗೆ ಹಿಡಿಸಿದ್ದು ಪಾಠ ಬೇರೆ, ತಟ್ಟೆ ಬೇರೆ ಆಗಿರಲಿಲ್ಲ ಎಂಬುದು. ಯಾರೂ ಪೋಷಕಾಂಶದ ಬಗ್ಗೆ ಭಾಷಣ ಮಾಡಲಿಲ್ಲ. ಒಳ್ಳೆಯ ಊಟ ಹೇಗಿರುತ್ತದೆ ಎಂಬುದನ್ನು ಊಟವೇ ಹೇಳಿಕೊಟ್ಟಿತು. ಇವೆರಡೂ ಒಟ್ಟಿಗಿದ್ದಾಗ ಮಕ್ಕಳಿಗೆ ಹತ್ತಿದೆ, ಬೇರೆಯಾದಾಗಲೆಲ್ಲ ಪಾಠ ಗೋಡೆಯ ಚಿತ್ರವಾಗಿ ಉಳಿದಿದೆ. ನಾನು ಓದಿದ ಚರಿತ್ರೆಯಲ್ಲಿ ಇದೇ ಮತ್ತೆ ಮತ್ತೆ ಕಾಣುತ್ತದೆ. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ಶಾಲೆಯ ಆಟದ ಮೈದಾನಗಳಲ್ಲಿ ಆಲೂಗಡ್ಡೆ, ಕೋಸು ಬೆಳೆದರು. 1944ರ ಶಿಕ್ಷಣ ಕಾನೂನು ಊಟವನ್ನು ಕಡ್ಡಾಯ ಮಾಡಿತು. 1946ರಲ್ಲಿ ಎಲೆನ್ ವಿಲ್ಕಿನ್ಸನ್ ಶಿಕ್ಷಣ ಮಂತ್ರಿಯಾಗಿದ್ದಾಗ ಪ್ರತಿ ಮಗುವಿಗೂ ದಿನಕ್ಕೆ ಪೈಂಟಿನ ಮೂರನೇ ಒಂದು ಪಾಲು, ಅಂದರೆ ಸುಮಾರು 190 ಮಿಲಿ ಹಾಲು, ಉಚಿತವಾಗಿ ಬಂತು.

ಈಗ ಈ ಊರು ಬಿಟ್ಟು ನೀಲಗಿರಿಗೆ ಬನ್ನಿ. ಊಟಿಯ ಕೆಳಗೆ ಕೂನೂರಿದೆಯಲ್ಲ, ಪುಟ್ಟ ರೈಲು ಹೋಗುವ ಊರು. 1920ರ ದಶಕದಲ್ಲಿ ಅಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಬ್ರಿಟಿಷ್ ಸೇನಾ ವೈದ್ಯ ಇಲಿಗಳಿಗೆ ಊಟ ಹಾಕುತ್ತಿದ್ದ. ಭಾರತದ ಬೇರೆ ಬೇರೆ ಜನ ದಿನವೂ ಉಣ್ಣುವುದನ್ನೇ ಬೇಯಿಸಿ, ಒಂದೊಂದು ಗುಂಪು ಇಲಿಗೆ ಒಂದೊಂದು ಊಟ. ಸಿಖ್ಖರ ಊಟ, ಪಠಾಣರ ಊಟ, ಮರಾಠರದ್ದು, ಗೂರ್ಖರದ್ದು, ಬಂಗಾಳಿಗಳದ್ದು, ಮದ್ರಾಸಿಗಳದ್ದು. ಮತ್ತೆ, ಹೌದು, ಕನ್ನಡಿಗರದ್ದು. ಆಗಿನ ಇಂಗ್ಲಿಷ್‌ನಲ್ಲಿ ನಮ್ಮನ್ನು ಕೆನರೀಸ್ ಎನ್ನುತ್ತಿದ್ದರು.

ಫಲಿತಾಂಶ ಹೇಳಲು ಸ್ವಲ್ಪ ಮುಜುಗರ. ಇಡೀ ಗೋಧಿಯ ಚಪಾತಿ, ಹಾಲು, ಮೊಸರು, ಬೆಣ್ಣೆ, ಬೇಳೆ, ಹಸಿ ತರಕಾರಿ ತಿಂದ ಸಿಖ್ಖರ ಇಲಿಗಳು ಎಲ್ಲರಿಗಿಂತ ದಪ್ಪ, ಚುರುಕು. ಬಿಳಿ ಅಕ್ಕಿಯ ಮೇಲೆ ನಿಂತ, ಹಾಲು ತರಕಾರಿ ಕಡಿಮೆಯಿದ್ದ ಮದ್ರಾಸಿಗಳ ಇಲಿಗಳು ಕೊನೆಯ ಸ್ಥಾನ. ನಮ್ಮ ಇಲಿಗಳು? ಕೆಳಗಿನ ಅರ್ಧದಲ್ಲಿ. ಹಿಂದಿನ ಕಾಲದ ಊಟವೆಲ್ಲ ಅಮೃತ ಎಂದು ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಆಗ ಈ ಇಲಿಗಳನ್ನು ನೆನೆಸಿಕೊಳ್ಳಿ. ಬಡವರ ತಟ್ಟೆಯಲ್ಲಿ ಅಕ್ಕಿಯೋ ರಾಗಿಯೋ ಇತ್ತು. ಹಾಲು, ತುಪ್ಪ, ಸೊಪ್ಪು ಎಲ್ಲರಿಗೂ ದಿನವೂ ಇರಲಿಲ್ಲ.

ಆದರೆ ಮೆಕ್ಯಾರಿಸನ್ ಇನ್ನೊಂದು ಪ್ರಯೋಗವನ್ನೂ ಮಾಡಿದ. ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಇಂಗ್ಲೆಂಡಿನ ಬಡ ಕಾರ್ಮಿಕರ ಊಟ: ಬಿಳಿ ಬ್ರೆಡ್, ಮಾರ್ಗರೀನ್, ಸಕ್ಕರೆ ಹಾಕಿದ ಚಹಾ, ಬೇಯಿಸಿ ಬೇಯಿಸಿ ಸತ್ತ ಕೋಸು, ಡಬ್ಬಿಯ ಮಾಂಸ, ಜಾಮ್. ಈ ಇಲಿಗಳು ಬೆಳೆಯಲಿಲ್ಲ, ನೋಡಿಕೊಳ್ಳುವವರನ್ನು ಕಚ್ಚತೊಡಗಿದವು, ಸುಮಾರು ಅರವತ್ತನೇ ದಿನದ ಹೊತ್ತಿಗೆ ತಮ್ಮಲ್ಲೇ ಬಡಕಲಾದವನ್ನು ಕೊಂದು ತಿನ್ನತೊಡಗಿದವು. ಆ ಚಹಾದ ಪೊಟ್ಟಣ ಎಲ್ಲಿಂದ ಹೊರಡುತ್ತಿತ್ತು ಎಂದು ನಾನು ಮತ್ತೆ ಹೇಳಬೇಕಿಲ್ಲ.

ಆತನ ಇನ್ನೊಂದು ಕೆಲಸ ನಮಗೆ ಬಹಳ ಮುಖ್ಯ. 1928ರಲ್ಲಿ ಆತ ಭಾರತದ ಶಾಲೆ, ಕಾಲೇಜು, ಸ್ಕೌಟ್ ಮಕ್ಕಳಿಗಾಗಿ ಆಹಾರದ ಬಗ್ಗೆ ಒಂದು ಚಿಕ್ಕ ಪಠ್ಯಪುಸ್ತಕ ಬರೆದ. ಇಲ್ಲಿಯ ಅಂಗಡಿಯಲ್ಲಿ, ಇಲ್ಲಿಯ ಹೊಲದಲ್ಲಿ ಸಿಗುವ ಧಾನ್ಯ, ಸೊಪ್ಪು, ಹಾಲಿನ ಮೇಲೆಯೇ ನಿಂತ ಪಾಠ ಅದು. ಪಾಠವೇನೋ ಸಿಕ್ಕಿತು. ತಟ್ಟೆ? ಅದನ್ನು ಯಾರೂ ಕೊಡಲಿಲ್ಲ. ಹಾಲು ಕುಡಿಯಿರಿ ಎಂದು ಓದಿದ ಹುಡುಗನ ಮನೆಯಲ್ಲಿ ಹಸು ಇರಬೇಕಲ್ಲ. ಮದ್ರಾಸ್ ನಗರಸಭೆ ಮಾತ್ರ 1920ರಲ್ಲೇ ತನ್ನ ಒಂದು ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡಲು ಶುರು ಮಾಡಿತ್ತು. ಅದು ಬೇರೆಯದೇ ದೊಡ್ಡ ಕತೆ.

ನಮ್ಮ ಕಡೆ ಏನಾಯಿತು ಎಂದು ಹೇಳಲು ಪುಸ್ತಕ ಬೇಡ, ನಾನೇ ಸಾಕ್ಷಿ. ಎಪ್ಪತ್ತರ ದಶಕದಲ್ಲಿ ತುಮಕೂರು ಜಿಲ್ಲೆಯ ನಮ್ಮ ಹಳ್ಳಿ ಶಾಲೆಗೆ ಅಮೆರಿಕದಿಂದ ಬಂದ ಚೀಲಗಳು ಇಳಿಯುತ್ತಿದ್ದವು. ಕೇರ್ ಸಂಸ್ಥೆಯ ಜೋಳದ ಹಿಟ್ಟಿನಂಥ ಹಳದಿ ಪುಡಿ, ಗೋಧಿ ನುಚ್ಚು, ಹಾಲಿನ ಪುಡಿ. ಅದರಲ್ಲಿ ಮಾಡಿದ ಉಪ್ಪಿಟ್ಟನ್ನು ಮುತ್ತುಗದ ಎಲೆಯ ಮೇಲೆ ಹಾಕಿಸಿಕೊಂಡು ತಿಂದಿದ್ದೇನೆ. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಐವತ್ತು ದಾಟಿದವರನ್ನು ಕೇರ್ ಉಪ್ಪಿಟ್ಟು ಅಂತ ಕೇಳಿ ನೋಡಿ, ಮುಖ ಅರಳುತ್ತದೆ. ಹಸಿವಿಗೆ ಅದು ದೊಡ್ಡ ಉಪಕಾರ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಹೊತ್ತಿಗೆ ಪಠ್ಯದಲ್ಲಿ ಸಮತೋಲ ಆಹಾರ ಎಂಬ ಚಿತ್ರ: ಸೇಬು, ಬ್ರೆಡ್, ಬೆಣ್ಣೆ, ಮೀನು. ನಾನು ಸೇಬು ಕಂಡದ್ದು ಜ್ವರ ಬಂದಾಗ. ಪಾಠ ಕಾಶ್ಮೀರದ್ದು, ತಟ್ಟೆ ಅಮೆರಿಕದ್ದು, ಶಾಲೆಯ ಕಿಟಕಿಯ ಹೊರಗೆ ಕಂಡದ್ದು ರಾಗಿ ಹೊಲ. ಆ ರಾಗಿಯ ಬಗ್ಗೆ ನಮಗೆ ಯಾವ ಮೇಷ್ಟ್ರೂ ಏನೂ ಹೇಳಲಿಲ್ಲ.

ಹೇಳಲು ಎಷ್ಟೊಂದಿತ್ತು! ನಮ್ಮ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಇದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಮನೆಗೆ ಬರುತ್ತದೆ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಒಂದೇ ಹೊಲದಿಂದ ಮುದ್ದೆ, ಸಾರು, ಎಣ್ಣೆ, ಒಗ್ಗರಣೆ. ಸಸ್ಟೇನಬಲ್ ಎಂಬ ಪದಕ್ಕೆ ಕನ್ನಡ ಏನು ಎಂದು ನೀವು ಕೇಳುತ್ತೀರಿ. ಸುಸ್ಥಿರ ಎಂದು ಪತ್ರಿಕೆಯವರು ಬರೆಯುತ್ತಾರೆ. ನನ್ನನ್ನು ಕೇಳಿದರೆ ಅಕ್ಕಡಿ ಸಾಲು ತೋರಿಸುತ್ತೇನೆ.

ಸುಗ್ಗಿ ಆದಮೇಲೆ ರಾಗಿ ಹಗೇವಿಗೆ ಹೋಗುತ್ತಿತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಕಿರಿದಾದ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಅದರಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರಗಾಲಕ್ಕೆ ಅದೇ ಬ್ಯಾಂಕು. ಹದಿನಾರನೇ ಶತಮಾನದ ಕನಕದಾಸರ ರಾಮಧಾನ್ಯ ಚರಿತೆಯ ಜಗಳ ಇದೇ. ಅಕ್ಕಿಗೂ ರಾಗಿಗೂ ಯಾರು ಶ್ರೇಷ್ಠ ಎಂದು ಮಾತಾಗುತ್ತದೆ, ಅಕ್ಕಿ ರಾಗಿಯನ್ನು ಬಡವರ ಕಾಳು ಎಂದು ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಹಾಗೇ ಇರುತ್ತದೆ. ಊಟದಲ್ಲೂ ಮೇಲು ಕೀಳು ಇತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ? ನಾನು ಹೈಸ್ಕೂಲಿಗೆ ಪಟ್ಟಣಕ್ಕೆ ಹೋದಾಗ, ರಾತ್ರಿ ಏನು ಊಟ ಎಂದು ಗೆಳತಿಯರು ಕೇಳಿದರೆ ಅನ್ನ ಎನ್ನುತ್ತಿದ್ದೆ. ಮನೆಯಲ್ಲಿ ಅನ್ನ ಹಬ್ಬಕ್ಕೆ. ಗ್ರೀನ್‌ಫರ್ಡ್‌ನ ಆ ಹುಡುಗ ಪಿಜ್ಜಾ ಬರೆದನಲ್ಲ, ಮುದ್ದೆ ಮುಚ್ಚಿಡುವುದನ್ನು ಅವನು ಲಂಡನ್ನಿನಲ್ಲಿ ಹೊಸದಾಗಿ ಕಂಡುಹಿಡಿಯಲಿಲ್ಲ.

ಒಬ್ಬರು ಮಾತ್ರ ಆ ಕಾಳಿಗೆ ಇಡೀ ಬದುಕು ಕೊಟ್ಟರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಐವತ್ತರ ದಶಕದಿಂದ ರಾಗಿಯನ್ನೇ ಹಿಡಿದು ಕೂತರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಒಂದರ ಪರಾಗ ಇನ್ನೊಂದಕ್ಕೆ ಸೇರಿಸುವುದು ಸೂಜಿಯ ಮೊನೆಯ ಮೇಲಿನ ಕೆಲಸ. ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಾಫ್ ಎಂದರೆ ಇಂಡಿಯಾ ಮತ್ತು ಆಫ್ರಿಕಾ. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಇಳುವರಿ ಏರಿತು. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಅಕ್ಕಿ, ಗೋಧಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ ಎಂದು ಹೈದರಾಬಾದಿನ ಪೋಷಣೆ ಸಂಸ್ಥೆಯ ಪಟ್ಟಿ ಹೇಳುತ್ತಿತ್ತು. ಅಂದ ಹಾಗೆ ಆ ಸಂಸ್ಥೆ ಮೆಕ್ಯಾರಿಸನ್‌ನ ಕೂನೂರು ಪ್ರಯೋಗಾಲಯವೇ, ಸ್ವಾತಂತ್ರ್ಯದ ನಂತರ ಹೈದರಾಬಾದಿಗೆ ಹೋದದ್ದು. ಪಟ್ಟಿ ಹೈದರಾಬಾದಿನಲ್ಲಿತ್ತು, ರಾಗಿ ತುಮಕೂರಿನಲ್ಲಿತ್ತು, ಶಾಲೆಯ ಪಾಠದಲ್ಲಿ ಎರಡೂ ಇರಲಿಲ್ಲ.

ಬ್ರಿಟನ್ನಿಗೆ ಹಿಂತಿರುಗೋಣ, ಏಕೆಂದರೆ ಇಲ್ಲಿ ಆಮೇಲೆ ಉಲ್ಟಾ ಆಯಿತು. ನಮ್ಮಲ್ಲಿ ತಟ್ಟೆ ಬರುವ ಮೊದಲು ಪಾಠ ಬಂದಿತ್ತು. ಇಲ್ಲಿ ಇದ್ದ ತಟ್ಟೆಯನ್ನೇ ಕಿತ್ತುಕೊಂಡರು. 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳ ಉಚಿತ ಹಾಲು ನಿಂತಿತು. ಆಗ ಶಿಕ್ಷಣ ಮಂತ್ರಿ ಮಾರ್ಗರೆಟ್ ಥ್ಯಾಚರ್. ಹಾಲು ಕಸಿದವಳು ಎಂಬ ಅಡ್ಡಹೆಸರು ಆಕೆಗೆ ಕೊನೆಯವರೆಗೂ ಅಂಟಿತು. ಅದಕ್ಕಿಂತ ದೊಡ್ಡ ಪೆಟ್ಟು 1980ರ ಕಾನೂನು. ಶಾಲೆಯ ಊಟದಲ್ಲಿ ಏನಿರಬೇಕು ಎಂಬ ನಿಯಮವನ್ನೇ ತೆಗೆದುಹಾಕಿದರು. ಊಟ ವ್ಯಾಪಾರವಾಯಿತು, ಶಾಲೆಯ ಅಡುಗೆಮನೆಯಲ್ಲಿ ಒಲೆ ಹೋಗಿ ಫ್ರೀಜರ್, ಫ್ರೈಯರ್ ಬಂದವು. ಅಡುಗೆಯ ಪಾಠ 1990ರ ಹೊತ್ತಿಗೆ ಟೆಕ್ನಾಲಜಿ ಪಾಠದೊಳಗೆ ಸೇರಿತು. ಪಿಜ್ಜಾ ಮಾಡುವ ಬದಲು ಪಿಜ್ಜಾ ಡಬ್ಬಿಯ ಡಿಸೈನ್ ಮಾಡಿದ ಮಕ್ಕಳಿದ್ದಾರೆ.

2005ರಲ್ಲಿ ಜೇಮಿ ಆಲಿವರ್ ಟೀವಿಯಲ್ಲಿ ಗ್ರೀನಿಚ್‌ನ ಒಂದು ಶಾಲೆಯ ಅಡುಗೆಮನೆ ತೋರಿಸಿದಾಗ ಜನ ಬೆಚ್ಚಿದರು. ಒಂದು ಮಗುವಿನ ಊಟದ ಸಾಮಗ್ರಿಗೆ 37 ಪೆನ್ಸ್. ಟರ್ಕಿ ಟ್ವಿಜ್ಲರ್ ಎಂಬ ತಿರುಚಿದ ಪದಾರ್ಥ ಊಟದ ಹೆಸರಿನಲ್ಲಿ ಬರುತ್ತಿತ್ತು. ನಿಮ್ಮಲ್ಲಿ ಮೂವತ್ತರ ಹತ್ತಿರ ಇರುವವರು ಅದನ್ನು ತಿಂದಿರಲೂಬಹುದು, ಅಥವಾ ಅದನ್ನು ತಿನ್ನಲು ಬಿಡದ ಅಮ್ಮನ ಮೇಲೆ ಸಿಟ್ಟಾಗಿರಲೂಬಹುದು. 2006ರಲ್ಲಿ ಹೊಸ ನಿಯಮ ಬಂತು. ಅದೇ ವರ್ಷ ರಾದರಮ್ ಬಳಿಯ ರಾಮಾರ್ಷ್‌ನಲ್ಲಿ ಕೆಲವು ತಾಯಂದಿರು ಶಾಲೆಯ ಬೇಲಿಯ ಸಂದಿಯಿಂದ ಮಕ್ಕಳಿಗೆ ಬರ್ಗರ್, ಚಿಪ್ಸ್ ಕೊಟ್ಟರು. ಪತ್ರಿಕೆಗಳು ಅವರನ್ನು ಗೇಲಿ ಮಾಡಿದವು. ನನಗೆ ಆ ಗೇಲಿ ಸರಿ ಕಾಣಲಿಲ್ಲ. ನಿಮ್ಮ ಊಟ ಕೆಟ್ಟದ್ದು ಎಂದು ಮೇಲಿನವರು ಬಂದು ಹೇಳಿದಾಗ ತಾಯಿಯಾದವಳಿಗೆ ಹೇಗನಿಸುತ್ತದೆ ಎಂಬುದು ನಮಗೆ ಗೊತ್ತಿರಬೇಕು. ನಮ್ಮ ಡಬ್ಬಿಯ ವಾಸನೆಗೆ ಮೂಗು ಮುಚ್ಚಿದವರನ್ನು ನಾವು ಮರೆತಿಲ್ಲವಲ್ಲ.

2014ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ಇಯರ್ ಟೂವರೆಗಿನ ಎಲ್ಲ ಮಕ್ಕಳಿಗೂ ಉಚಿತ ಬಿಸಿ ಊಟ. ಜೊತೆಗೆ ಪ್ರೈಮರಿಯಿಂದಲೇ ಅಡುಗೆ ಮತ್ತು ಪೋಷಣೆಯ ಪಾಠ ಕಡ್ಡಾಯ. ಆಹಾರ ಎಲ್ಲಿಂದ ಬರುತ್ತದೆ, ಯಾವ ಕಾಲದಲ್ಲಿ ಏನು ಬೆಳೆಯುತ್ತದೆ ಎಂದು ಮಕ್ಕಳಿಗೆ ತಿಳಿದಿರಬೇಕು ಎಂದು ಪಠ್ಯಕ್ರಮ ಹೇಳುತ್ತದೆ. 2023ರ ಸೆಪ್ಟೆಂಬರಿನಿಂದ ಲಂಡನ್ನಿನ ಮೇಯರ್ ಹಣ ಕೊಟ್ಟು, ಸರ್ಕಾರಿ ಪ್ರೈಮರಿ ಶಾಲೆಗಳ ಎಲ್ಲ ಮಕ್ಕಳಿಗೂ ಊಟ ಉಚಿತವಾಯಿತು. ಗ್ರೀನ್‌ಫರ್ಡ್‌ನ ಮಕ್ಕಳಿಗೂ.

ಕರ್ನಾಟಕದಲ್ಲಿ ತಟ್ಟೆ ಬಂದದ್ದು ಕೋರ್ಟಿನಿಂದ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು ಎಂದಿತು. 2002ರ ಜೂನ್‌ನಲ್ಲಿ ಬೀದರ್, ರಾಯಚೂರು, ಕಲಬುರಗಿ ಮೊದಲಾದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. ಹೆಸರು ಅಕ್ಷರ ದಾಸೋಹ. ದಾಸೋಹ ಎಂದರೆ ಶರಣರ ಮಾತು; ಭಿಕ್ಷೆ ಕೊಡುವುದಲ್ಲ, ಕೊಡುವವನೇ ಸೇವಕನಾಗಿ ನಿಂತು ಬಡಿಸುವುದು. ಅಕ್ಷರವನ್ನೂ ಅನ್ನವನ್ನೂ ಒಂದೇ ಹೆಸರಿನಲ್ಲಿ ಕಟ್ಟಿದವರಿಗೆ ನನ್ನ ನಮಸ್ಕಾರ. 2013ರಲ್ಲಿ ಕ್ಷೀರಭಾಗ್ಯ ಬಂತು, ಒಂದು ಸಲಕ್ಕೆ 150 ಮಿಲಿ ಹಾಲು. ಅದನ್ನು ಶಾಲೆಯಲ್ಲೇ ಹಾಲಿನ ಪುಡಿ ಕದಡಿ ಮಾಡುತ್ತಾರೆ.

ಮೊಟ್ಟೆಯ ವಿಷಯಕ್ಕೆ ಬಂದಾಗ ಜಗಳವಾಯಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಏಳು ಜಿಲ್ಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಎಂದು ಶುರು ಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಎದ್ದು ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಮಾತಾಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ನಾನು ಮೊಟ್ಟೆ ತಿನ್ನದ ಮನೆಯಲ್ಲಿ ಹುಟ್ಟಿದವಳು. ಆದರೂ ಆ ಹುಡುಗಿಯ ಮಾತು ಕೇಳಿ ಎದೆ ತುಂಬಿತು. ಶಾಲೆಯ ಊಟದ ಇಷ್ಟು ವರ್ಷದ ಚರಿತ್ರೆಯಲ್ಲಿ ಸೇನಾಪತಿ, ವೈದ್ಯ, ಮಂತ್ರಿ, ನ್ಯಾಯಾಧೀಶ, ಟೀವಿ ಅಡುಗೆಯವನು ಎಲ್ಲರೂ ಮಾತಾಡಿದ್ದಾರೆ. ತಿನ್ನುವ ಮಗು ಮಾತಾಡಿದ್ದು ಎಷ್ಟು ಸಲ?

ಮೊಟ್ಟೆ ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೂಡ. ನಮ್ಮ ಶಾಲೆಯ ಕಿಟಕಿಯ ಹೊರಗಿದ್ದ ರಾಗಿ ಒಳಗೆ ಬರಲು ಇಷ್ಟು ಕಾಲ ಹಿಡಿಯಿತು.

ಈಗ ನಿಮಗೊಂದು ಕಷ್ಟದ ಲೆಕ್ಕ. ನಮ್ಮ ಊಟ ನಮ್ಮದು ಎಂದು ಹೆಮ್ಮೆಯಿಂದ ಡಬ್ಬಿ ತೆರೆಯಿರಿ ಎಂದು ಹೇಳಿ ನಾನು ಎದ್ದು ಹೋಗಬಹುದಿತ್ತು. ಆದರೆ ಜನವರಿಯಲ್ಲಿ ಬ್ರಾಡ್‌ವೇ ಅಂಗಡಿಯಲ್ಲಿ ಸಿಗುವ ಎಳೆ ಬೆಂಡೆಕಾಯಿ, ಹಸಿ ಅವರೆಕಾಯಿ ಬರುವುದು ವಿಮಾನದಲ್ಲಿ. ಒಂದು ಕಿಲೋ ಪದಾರ್ಥಕ್ಕೆ ವಿಮಾನ ಉಗುಳುವ ಹೊಗೆ ಹಡಗಿಗಿಂತ ಹತ್ತಾರು ಪಟ್ಟು ಹೆಚ್ಚು. ಒಣ ಧಾನ್ಯ, ಬೇಳೆ ಹಡಗಿನಲ್ಲಿ ನಿಧಾನವಾಗಿ ಬರಬಲ್ಲವು; ಲಯನ್ಸ್ ಚಹಾ ಬಂದ ಹಾಗೆ. ಆದ್ದರಿಂದ ಮುದ್ದೆಗೆ ನನ್ನ ತಕರಾರಿಲ್ಲ, ಜನವರಿಯ ಅವರೆಕಾಯಿಗೆ ಇದೆ. ಇದನ್ನು ಹೇಳಿದರೆ ನಮ್ಮ ಸಂಕ್ರಾಂತಿ ಕೂಟದಲ್ಲಿ ನನಗೆ ಹಿತಕಿದ ಬೇಳೆ ಸಾರು ಬಡಿಸುವುದಿಲ್ಲ. ಬಡಿಸಿದರೆ ತಿನ್ನುತ್ತೇನೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಈಟ್‌ವೆಲ್ ಗೋಡೆಚಿತ್ರದಲ್ಲಿ ಈ ಲೆಕ್ಕ ಇಲ್ಲ, ಅಜ್ಜಿಯ ಅಡುಗೆಮನೆಯಲ್ಲೂ ಇಲ್ಲ. ಅಲ್ಲಿಯ ಊಟ, ಇಲ್ಲಿಯ ಹವೆ ಎರಡನ್ನೂ ಬಲ್ಲವರು ನೀವು. ಇನ್ನು ಕೆಲವು ವರ್ಷಗಳಲ್ಲಿ ಟೀಚರುಗಳೂ, ಸ್ಕೂಲ್ ಗವರ್ನರುಗಳೂ, ತಂದೆತಾಯಿಯರೂ ಆಗುವವರು ನೀವೇ. ಶಾಲೆಯ ಮೆನು ಬದಲಾಯಿಸುವ ಸಭೆಗೆ ಹೋಗಿ ಕೂರುವ ಹಕ್ಕು ನಿಮಗಿದೆ. ನಮ್ಮ ಪೀಳಿಗೆ ಕೂರಲಿಲ್ಲ. ಡಬ್ಬಿ ಕಟ್ಟಿಕೊಟ್ಟು ಸುಮ್ಮನಾದೆವು.

ಹಾರ್ಸೆಂಡನ್ ಬೆಟ್ಟದ ಬುಡದ ಹಾರ್ಸೆಂಡನ್ ಫಾರ್ಮ್‌ನಲ್ಲಿ ಈಗ ಸ್ವಯಂಸೇವಕರು ತರಕಾರಿ ಬೆಳೆಯುತ್ತಾರೆ. ಗೋಧಿ ಹೋಗಿ ಹುಲ್ಲಾಗಿ, ಹುಲ್ಲು ಹೋಗಿ ಕಾರ್ಖಾನೆಯಾದ ಸೀಮೆಯಲ್ಲಿ ಒಂದು ತುಂಡು ನೆಲ ಮತ್ತೆ ತಿನ್ನುವುದನ್ನು ಬೆಳೆಯುತ್ತಿದೆ. ಬಿಡುವಾದಾಗ ಹೋಗಿ ನೋಡಿ. ಏಪ್ರಿಲ್‌ನಲ್ಲಿ ನಾವು ಇಯರ್ ಟೂ ಮಕ್ಕಳ ಜೊತೆ ಶಾಲೆಯ ಕಿಟಕಿಯಲ್ಲಿ ಮೊಸರಿನ ಡಬ್ಬಿಗಳಿಗೆ ಮಣ್ಣು ತುಂಬಿ ಮೆಂತ್ಯ ಬಿತ್ತಿದೆವು. ಮೆಂತ್ಯಕ್ಕೆ ವಿಮಾನ ಬೇಕಿಲ್ಲ. ಅಡುಗೆಮನೆಯ ಡಬ್ಬಿಯ ಕಾಳೇ ಸಾಕು, ಗ್ರೀನ್‌ಫರ್ಡ್‌ನ ಬಿಸಿಲಿಗೂ ತಿಂಗಳೊಳಗೆ ಸೊಪ್ಪಾಗುತ್ತದೆ. ಮೂರನೇ ವಾರ ಸೊಪ್ಪು ಕಿತ್ತು ಮೂಸಿ ನೋಡಿ ಎಂದಾಗ, ಪಿಜ್ಜಾ ಬರೆದಿದ್ದ ಆ ಹುಡುಗ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಇದು ನಮ್ಮ ಅಡುಗೆಮನೆಯ ವಾಸನೆ ಎಂದ. ಇದರಲ್ಲಿ ಏನು ಮಾಡುತ್ತಾರೆ ಎಂದು ಟೀಚರ್ ಕೇಳಿದರು. ಅವನು ಎರಡೂ ಅಂಗೈ ಸೇರಿಸಿ, ಗಾಳಿಯಲ್ಲಿ ಒಂದು ದುಂಡು ಉಂಡೆ ಕಟ್ಟಿ ತೋರಿಸಿ, ಇದರ ಜೊತೆಗೆ ಸಾರು ಎಂದು ಹೇಳತೊಡಗಿದ.